ಅಪ್ಪ ಕೇಳುತ್ತಿದ್ದ

ನಮ್ಮಪ್ಪ ಅಕ್ಷರಗಳನ್ನು ಉಲ್ಟಾ ಓದುತ್ತಿದ್ದ. ನಾವೆಲ್ಲ ಪೇಪರ್ ಓದುವಷ್ಟೇ ಸಲೀಸಾಗಿ ಓದುತ್ತಿದ್ದ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಎಲ್ಲರಿಗೂ ಅದು ಬರುತ್ತದೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಚಿಕ್ಕವಳಿದ್ದಾಗ ಅದು ಅವನೊಬ್ಬನಿಗೇ ಗೊತ್ತಿರುವ ವಿದ್ಯೆ ಅಂದುಕೊಂಡಿದ್ದೆ. ಶಾಲೆಯಲ್ಲಿ ಗೆಳತಿಯರಿಗೆ ಹಾಗೇ ಹೇಳಿಕೊಂಡು ತಿರುಗಿದ್ದೆ.

ಹೋದ ಶ್ರಾವಣದಲ್ಲಿ ಅಪ್ಪ ತೀರಿಕೊಂಡ. 74 ವರ್ಷ. ಅವನ ಬಗ್ಗೆ ಬರೆಯಬೇಕು ಅಂತ ಕೂತಾಗಲೆಲ್ಲ ಪ್ರೆಸ್ಸಿನ ವಾಸನೆಯೇ ಮೊದಲು ಬರುತ್ತದೆ. ಶಾಯಿ, ಸೀಮೆಎಣ್ಣೆ, ಒದ್ದೆ ಕಾಗದ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ನಮ್ಮ ಕಡೆ ಅಪ್ಪ, ಅವ್ವನನ್ನು ಏಕವಚನದಲ್ಲೇ ಮಾತಾಡಿಸುತ್ತೇವೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ಸಹೋದ್ಯೋಗಿಗಳು ಇದನ್ನು ಕೇಳಿ ಗಾಬರಿಯಾಗುತ್ತಿದ್ದರು. ಇಲ್ಲಿ ಬಹುವಚನ ಹಾಕಿ ಬರೆದು ನೋಡಿದೆ. ಯಾರೋ ಬೇರೆಯವರ ಬಗ್ಗೆ ಬರೆದಂತಾಯಿತು. ಅದಕ್ಕೆ ಅವನನ್ನು ಬದುಕಿದ್ದಾಗ ಹೇಗೆ ಕರೆಯುತ್ತಿದ್ದೆನೋ ಹಾಗೇ ಬರೆದಿದ್ದೇನೆ.

ಅಪ್ಪನದು ಬೆಟಗೇರಿಯ ನೇಕಾರ ಮನೆತನ. ಮನೆಯಲ್ಲಿ ಕುಣಿಮಗ್ಗ ಇತ್ತು. ಏಳನೇ ಇಯತ್ತೆ ಮುಗಿದ ಮೇಲೆ ಅಜ್ಜ ಅವನನ್ನು ಮಗ್ಗಕ್ಕೆ ಕೂರಿಸಬೇಕು ಅಂತಿದ್ದ. ಅಪ್ಪ ಸೇತುವೆ ದಾಟಿ ಗದಗಿಗೆ ಹೋಗಿ ಒಂದು ಪ್ರೆಸ್ಸಿಗೆ ಸೇರಿಕೊಂಡ. ಗದಗಿಗೆ ಮುದ್ರಣ ಕಾಶಿ ಅಂತಲೇ ಹೆಸರು. ಪಂಚಾಂಗ, ನೋಟ್‌ಬುಕ್ಕು, ಶಾಲೆಯ ಪುಸ್ತಕ, ಕಂಪನಿ ನಾಟಕದ ಪುಸ್ತಕ, ಎಲ್ಲ ಅಲ್ಲಿಂದ ಹೊರಗೆ ಹೋಗುತ್ತಿದ್ದವು. ಲಾರಿಗಳ ದೊಡ್ಡ ಕಂಪನಿ ಕಟ್ಟಿದ ವಿಜಯ ಸಂಕೇಶ್ವರ ಅವರದೂ ಗದಗಿನ ಮುದ್ರಣ ಮನೆತನವೇ. ಅಪ್ಪ ಸೇರಿದ್ದು ಸಣ್ಣ ಪ್ರೆಸ್ಸು. ಕಾಲಿಂದ ತುಳಿದು ಓಡಿಸುವ ಒಂದು ಟ್ರೆಡಲ್ ಮಷಿನ್ನು, ಆಮೇಲೆ ಒಂದು ಸಿಲಿಂಡರ್ ಮಷಿನ್ನು. ಅಲ್ಲಿಯೇ ಅವನ ಮೂವತ್ತು ವರ್ಷದ ಮೇಲೆ ಕಳೆಯಿತು.

ಕಂಪೋಸಿಂಗ್ ಅಂದರೆ ಏನು ಅಂತ ಈಗಿನವರಿಗೆ ಹೇಳುವುದು ಕಷ್ಟ. ಎದುರಿಗೆ ಇಳಿಜಾರಾಗಿ ಇಟ್ಟ ಮರದ ಕೇಸು. ಅದರ ತುಂಬ ಸಣ್ಣ ಸಣ್ಣ ಗೂಡುಗಳು. ಪ್ರತಿ ಗೂಡಿನಲ್ಲಿ ಒಂದೊಂದು ಅಕ್ಷರದ ಮೊಳೆ. ಸೀಸ, ತವರ, ಆಂಟಿಮನಿ ಸೇರಿಸಿ ಎರಕ ಹೊಯ್ದದ್ದು. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ ಸೇರಿದರೂ ಗೂಡುಗಳ ಲೆಕ್ಕ ಬೇಗ ಮುಗಿಯುತ್ತದೆ. ಕನ್ನಡಕ್ಕೆ ಅಷ್ಟು ಸುಲಭ ಇಲ್ಲ. ಅಕ್ಷರ ಬೇರೆ, ಕಾಗುಣಿತ ಬೇರೆ, ಒತ್ತು ಬೇರೆ, ಅರ್ಕಾವತ್ತು ಬೇರೆ. ಎಡಗೈಯಲ್ಲಿ ಮೊಳೆಗಳನ್ನು ಸಾಲಾಗಿ ಕೂಡಿಸುವ ಸ್ಟಿಕ್ಕು. ಬಲಗೈ ಗೂಡಿಂದ ಗೂಡಿಗೆ ಓಡಬೇಕು. ಕಣ್ಣು ಮಾತ್ರ ಕಾಪಿಯ, ಅಂದರೆ ಅಚ್ಚಿಗೆ ಕೊಟ್ಟ ಮೂಲ ಬರಹದ ಮೇಲೆ. ಪ್ರತಿ ಮೊಳೆಯ ಮೈಮೇಲೆ ಒಂದು ಸಣ್ಣ ಗೀರು ಇರುತ್ತದೆ, ಅದಕ್ಕೆ ನಿಕ್ ಅಂತಾರೆ. ಬೆರಳಿಗೆ ಅದು ತಾಗಿದರೆ ಮೊಳೆ ಸರಿಯಾದ ದಿಕ್ಕಿಗಿದೆ ಅಂತ ಲೆಕ್ಕ, ಕಣ್ಣಿಂದ ನೋಡುವ ಕೆಲಸ ಇಲ್ಲ. ಈ ಅಭ್ಯಾಸ ಅಪ್ಪನ ಹೆಬ್ಬೆರಳಿನಿಂದ ಕೊನೆಯವರೆಗೂ ಹೋಗಲಿಲ್ಲ. ಮಾತಾಡುತ್ತ ಕೂತಾಗ ಕೈಯಲ್ಲಿ ಶೇಂಗಾ ಇರಲಿ, ನಾಣ್ಯ ಇರಲಿ, ಅದರ ಮೈಮೇಲೆ ಬೆರಳು ಆಡುತ್ತಲೇ ಇರುತ್ತಿತ್ತು.

ಜೋಡಿಸಿದ್ದನ್ನು ಗ್ಯಾಲಿ ಅನ್ನುವ ತಟ್ಟೆಗೆ ಇಳಿಸಿ, ದಾರ ಬಿಗಿದು, ಪ್ರೂಫ್ ತೆಗೆದು, ತಪ್ಪು ತಿದ್ದಿ, ಚೌಕಟ್ಟಿನಲ್ಲಿ ಕಟ್ಟಿ ಮಷಿನ್ನಿಗೆ ಏರಿಸಬೇಕು. ಅಚ್ಚಾದ ಮೇಲೆ ಮುಗಿಯಿತು ಅಂತಲ್ಲ. ಅಷ್ಟನ್ನೂ ತೊಳೆದು, ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಗೂಡಿಗೆ ತಿರುಗಿ ಹಾಕಬೇಕು. ಇದಕ್ಕೆ ಡಿಸ್ಟ್ರಿಬ್ಯೂಷನ್ ಅಂತಿದ್ದರು. ಹೊಸ ಹುಡುಗರಿಗೆ ಮೊದಲು ಕೊಡುವ ಕೆಲಸ ಅದೇ. ಗೂಡು ಯಾವುದು ಅಂತ ಕೈಗೆ ಪಾಠ ಆಗಬೇಕಲ್ಲ. ಅಪ್ಪ ಹಿರಿಯ ಕಂಪೋಸಿಟರ್ ಆದಮೇಲೂ ಅದನ್ನು ಬೇರೆಯವರಿಗೆ ಬಿಡಲಿಲ್ಲ. "ಜೋಡಿಸಿದಾವ್ನ ಬಿಚ್ಚಬೇಕು" ಅನ್ನುತ್ತಿದ್ದ. ಸಂಜೆ ಮನೆಗೆ ಬಂದರೆ ಕೈಯನ್ನು ಮೂರು ಸಲ ತೊಳೆದು, ಒಂದು ತುಣುಕು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬೆಲ್ಲ ತಿಂದರೆ ಸೀಸದ ವಿಷ ಇಳಿಯುತ್ತದೆ ಅಂತ ಪ್ರೆಸ್ಸಿನವರ ನಂಬಿಕೆ. ಆ ತುಣುಕಿನಲ್ಲಿ ಅರ್ಧ ನನಗೆ ಸಿಗುತ್ತಿತ್ತು.

ನಾನು ಐದನೇ ಇಯತ್ತೆಗೆ ಬರುವ ಹೊತ್ತಿಗೆ ಅಪ್ಪ ಮನೆಗೆ ಪ್ರೂಫ್ ತರಲು ಶುರು ಮಾಡಿದ್ದ. ಪ್ರೂಫ್ ನೋಡಲು ಇಬ್ಬರು ಬೇಕು. ಒಬ್ಬರು ಮೂಲ ಕಾಪಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯನ್ನು ನೋಡಬೇಕು. ಓದುವವರಿಗೆ ಕಾಪಿ ಹೋಲ್ಡರ್ ಅಂತ ಹೆಸರು. ನಮ್ಮ ಮನೆಯ ಕಾಪಿ ಹೋಲ್ಡರ್ ನಾನು. ಊಟ ಆದಮೇಲೆ ಪಡಸಾಲೆಯಲ್ಲಿ ಕೂತು ಓದುತ್ತಿದ್ದೆ. "ಕಾಮಾ", "ಪ್ಯಾರಾ", "ಬ್ರಾಕೆಟ್ ಒಳಗ" ಅಂತ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಪಂಚಾಂಗದ ಹಾಳೆ ಬಂದರೆ ಬಹಳ ಬೇಜಾರು. ತಿಥಿ, ನಕ್ಷತ್ರ, ಘಳಿಗೆ, ಬರೀ ಅಂಕಿ. ನಾಟಕದ ಪುಸ್ತಕ ಬಂದರೆ ಹಬ್ಬ. ಕಂಪನಿ ನಾಟಕದ ಮಾತುಗಳನ್ನು ನಾನು ಖಳನಾಯಕನ ದನಿ ತೆಗೆದು ಓದುತ್ತಿದ್ದೆ. ಅಪ್ಪ ನಗುತ್ತಿದ್ದ, ಆದರೆ ಪೆನ್ಸಿಲ್ ಮಾತ್ರ ತಪ್ಪು ಬಿಡುತ್ತಿರಲಿಲ್ಲ. ಒಂದು ಸಾಲು ಪೂರ್ತಿ ಬಿಟ್ಟುಹೋಗಿದ್ದರೆ ಅದಕ್ಕೆ "ಔಟ್" ಅಂತಿದ್ದರು. ಔಟ್ ಸಿಕ್ಕ ದಿನ ನನಗೆ ಮಿರ್ಚಿ ಭಜಿ ಗ್ಯಾರಂಟಿ.

ಇಬ್ಬರೂ ಓದಿ ಮುಗಿಸಿದ ಮೇಲೆ ಅವನು ಒಬ್ಬನೇ ಕೊನೆಯ ಪದದಿಂದ ಮೊದಲ ಪದದ ಕಡೆಗೆ ಇನ್ನೊಮ್ಮೆ ನೋಡುತ್ತಿದ್ದ. ಹಿಂದಿನಿಂದ ಓದಿದರೆ ಅರ್ಥ ಅಡ್ಡ ಬರುವುದಿಲ್ಲ, ಬರೀ ಅಕ್ಷರ ಕಾಣುತ್ತದೆ. ಕೆಲವು ಪ್ರೂಫ್ ರೀಡರ್‌ಗಳು ಹೀಗೇ ಮಾಡುತ್ತಾರಂತೆ.

ಆ ಕಾಲದಲ್ಲಿ ನಮ್ಮ ಓಣಿಯ ಬೇರೆ ಅಪ್ಪಂದಿರು ಹೆಣ್ಣುಮಕ್ಕಳ ಜೊತೆ ಅಷ್ಟು ಹೊತ್ತು ಕೂತು ಮಾತಾಡಿದ್ದನ್ನು ನಾನು ನೋಡಿಲ್ಲ. ಪ್ರೂಫ್ ಓದುವಾಗ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಲಗ್ನಪತ್ರಿಕೆಯಲ್ಲಿ ಹುಡುಗನ ಹೆಸರಿನ ಮುಂದೆ ಬಿ.ಎ. ಅಂತ ಇದ್ದು, ಹುಡುಗಿಯ ಹೆಸರಿನ ಮುಂದೆ ಏನೂ ಇಲ್ಲದಿದ್ದರೆ ಅಪ್ಪ ಸುಮ್ಮನೆ ನನ್ನ ಮುಖ ನೋಡುತ್ತಿದ್ದ. "ನಿನ್ನ ಪತ್ರಿಕಾದಾಗ ಜಾಗಾ ಸಾಲಬಾರ್ದು ನೋಡ" ಅನ್ನುತ್ತಿದ್ದ. ವೀರನಾರಾಯಣ ಗುಡಿಗೆ ಹೋದಾಗಲೆಲ್ಲ ಕುಮಾರವ್ಯಾಸನ ಕಂಬದ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಒದ್ದೆ ಬಟ್ಟೆ ಮೈಮೇಲೆ ಆರುವವರೆಗೆ ಮಾತ್ರ ಕವಿ ಬರೆಯುತ್ತಿದ್ದನಂತೆ, ಒಮ್ಮೆ ಇಟ್ಟ ಪದವನ್ನು ಅಳಿಸುತ್ತಿರಲಿಲ್ಲವಂತೆ. "ಅವ ದೊಡ್ಡಾವ. ನಾವು ತಿದ್ದೋ ಮಂದಿ" ಅಂತ ಕೈ ಮುಗಿದು ಹೊರಡುತ್ತಿದ್ದ.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಒಂದು ಸಂಗತಿ ಆಯಿತು. ಲಗ್ನದ ಸೀಸನ್ನು. ರಾತ್ರಿ ಹತ್ತರವರೆಗೆ ಕೆಲಸ. ಒಂದು ಪತ್ರಿಕೆಯಲ್ಲಿ ಅಕ್ಕಿಕಾಳಿನ, ಅಂದರೆ ಮುಹೂರ್ತದ ಹೊತ್ತು ತಪ್ಪಾಗಿ ಬಿತ್ತು. ಮುಂಜಾನೆ ಅಂತ ಇರಬೇಕಾದಲ್ಲಿ ಸಂಜೆ ಅಂತ ಬಿದ್ದಿತ್ತು. ಪ್ರೂಫ್ ಸರಿಯಾಗಿಯೇ ಇತ್ತು. ಆಮೇಲೆ ಒಂದು ಸಾಲು ಕಳಚಿ ಬಿದ್ದು, ಅಪ್ಪ ಅದನ್ನು ಇನ್ನೊಂದು ಪತ್ರಿಕೆಯ ಮೊಳೆಗಳಿಂದ ತುಂಬಿಸಿದ್ದ. ಐನೂರು ಪ್ರತಿ ಅಚ್ಚಾಗಿ, ಗಂಟು ಕಟ್ಟಿ ಇಟ್ಟಿದ್ದರು. ಮರುದಿನ ಲಗ್ನದ ಮನೆಯವರು ಬಂದು ಒಯ್ಯುವವರಿದ್ದರು. ತಪ್ಪು ಅಪ್ಪನಿಗೆ ಮಾತ್ರ ಗೊತ್ತಾಗಿತ್ತು.

ಅವತ್ತು ರಾತ್ರಿ ಊಟ ಮಾಡದೆ ಕೂತಿದ್ದ. ಅವ್ವ ಮಲಗಿದ ಮೇಲೆ ನನ್ನನ್ನು ಕರೆದ. ಎಲ್ಲ ಹೇಳಿದ. ಮಾಲಕರಿಗೆ ಹೇಳಿದರೆ ಕಾಗದದ ದುಡ್ಡು ಪಗಾರದಲ್ಲಿ ಹಿಡಿಯುತ್ತಾರೆ, ಆ ತಿಂಗಳು ನನ್ನ ಪರೀಕ್ಷೆ ಫೀ ಕಟ್ಟುವುದಿತ್ತು. ಹೇಳದಿದ್ದರೆ ತಪ್ಪು ಕಾಪಿಯದೋ ಮಷಿನ್ನಿನವನದೋ ಅಂತ ಆಗುತ್ತದೆ. ಎಲ್ಲ ಹೇಳಿ ಮುಗಿಸಿ, "ಏನ್ ಮಾಡ್ಲಿ ಯವ್ವಾ?" ಅಂದ.

ನನಗೆ ಈಗಲೂ ನೆನಪಿದೆ. ಅದು ನನ್ನನ್ನು ಪರೀಕ್ಷೆ ಮಾಡುವ ಪ್ರಶ್ನೆ ಆಗಿರಲಿಲ್ಲ. ಉತ್ತರ ಮೊದಲೇ ಗೊತ್ತಿದ್ದು ಮಕ್ಕಳ ಬಾಯಿಂದ ಹೇಳಿಸುತ್ತಾರಲ್ಲ, ಹಾಗಲ್ಲ. ಅವನಿಗೆ ನಿಜವಾಗಲೂ ಗೊತ್ತಿರಲಿಲ್ಲ. ಅವನ ದನಿಯಲ್ಲಿ ಹೆದರಿಕೆ ಇತ್ತು. ನಾನು "ಹೇಳಿಬಿಡು" ಅಂದೆ. ಬೆಳಿಗ್ಗೆ ಐದಕ್ಕೆ ಎದ್ದು ಮಾಲಕರ ಮನೆಗೆ ಹೋದ. ಪಗಾರ ಹಿಡಿದರು. ಮಧ್ಯಾಹ್ನದೊಳಗೆ ಹೊಸ ಪತ್ರಿಕೆ ಅಚ್ಚಾಯಿತು. ನನ್ನ ಫೀಯನ್ನು ಮಷಿನ್ ಕಾಕಾ ಕೊಟ್ಟ. ಪ್ರೆಸ್ಸಿನಲ್ಲಿ ಟ್ರೆಡಲ್ ತುಳಿಯುತ್ತಿದ್ದವನು ಅವನು, ಅಪ್ಪನ ಜೀವದ ಗೆಳೆಯ. ನಾನು ಅವನನ್ನು ಹುಟ್ಟಿದಾಗಿನಿಂದ ಮಷಿನ್ ಕಾಕಾ ಅಂತಲೇ ಕರೆದದ್ದು.

ಮಕ್ಕಳ ಜೊತೆ ಗೆಳೆಯರ ಥರ ಇರಬೇಕು ಅಂತ ಈಗ ಎಲ್ಲರೂ ಹೇಳುತ್ತಾರೆ. ಬಯ್ಯಬಾರದು, ಜೊತೆಗೆ ಆಡಬೇಕು, ಸಿನಿಮಾಗೆ ಕರೆದೊಯ್ಯಬೇಕು. ಎಲ್ಲ ಸರಿ. ಆದರೆ ಅಷ್ಟಕ್ಕೇ ಗೆಳೆತನ ಆಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಮಕ್ಕಳ ಕಷ್ಟ ಅಪ್ಪ ಅಮ್ಮನಿಗೆ ಯಾವಾಗಲೂ ಗೊತ್ತಿರುತ್ತದೆ. ಅಪ್ಪನ ಕಷ್ಟ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಒಂದೇ ಕಡೆಯಿಂದ ಮಾತು ಬರುತ್ತಿದ್ದರೆ ಅದು ಗೆಳೆತನ ಹೇಗಾಗುತ್ತದೆ? ಅಪ್ಪ ನನ್ನ ಜೊತೆ ಕಬಡ್ಡಿ ಆಡಿದವನಲ್ಲ. ಗದರಿಸಿದ್ದೂ ಉಂಟು, ಒಮ್ಮೆ ಹೊಡೆದದ್ದೂ ಉಂಟು. ಆದರೆ ತನಗೆ ದಿಕ್ಕು ತೋಚದಾಗ ಬಂದು ನನ್ನ ಮುಂದೆ ಕೂತ. ಅವತ್ತಿನಿಂದ ನಾವು ಗೆಳೆಯರು.

1997ರ ಆಗಸ್ಟ್‌ನಲ್ಲಿ ಗದಗ ಬೇರೆ ಜಿಲ್ಲೆ ಆಯಿತು. ಪ್ರೆಸ್ಸಿನವರಿಗೆ ಅದು ಸುಗ್ಗಿ. ಎಲ್ಲ ಆಫೀಸು, ಶಾಲೆ, ಸಂಘ ಸಂಸ್ಥೆಗಳ ಲೆಟರ್‌ಹೆಡ್ಡು, ರಸೀದಿ ಪುಸ್ತಕ ಹೊಸದಾಗಬೇಕು. "ಜಿಲ್ಲೆ: ಧಾರವಾಡ" ಹೋಗಿ "ಜಿಲ್ಲೆ: ಗದಗ" ಬರಬೇಕು. ಅಪ್ಪ ಆ ದೀಪಾವಳಿಗೆ ನನಗೆ ಇಳಕಲ್ ಸೀರೆ ತಂದ. ನಾನಾಗ ಬೆಂಗಳೂರಿನಲ್ಲಿ ಒಂದು ಆಫೀಸಿನಲ್ಲಿ ಲೆಕ್ಕಪತ್ರ ಬರೆಯುವ ಕೆಲಸದಲ್ಲಿದ್ದೆ.

ಅದೇ ಕೊನೆಯ ಸುಗ್ಗಿ. ಆ ಹೊತ್ತಿಗೆ ಆಫ್‌ಸೆಟ್ ಬಂದು ಬಹಳ ವರ್ಷ ಆಗಿತ್ತು. ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸಿ, ಪ್ಲೇಟ್ ಮಾಡಿ, ಗಂಟೆಗೆ ಸಾವಿರಗಟ್ಟಲೆ ಪ್ರತಿ ತೆಗೆಯುವ ಮಷಿನ್ನುಗಳು ಗದಗಿನಲ್ಲೇ ಓಡುತ್ತಿದ್ದವು. ಮರುವರ್ಷ ಮಾಲಕರು ಪ್ರೆಸ್ಸು ಮುಚ್ಚಿದರು. ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ತೂಗಿ ಮಾರಿದರು. ಮೂವತ್ತು ವರ್ಷ ಅವನ ಕೈಯಲ್ಲಿ ಓಡಾಡಿದ ಅಕ್ಷರಗಳು ಗೋಣಿಚೀಲದಲ್ಲಿ ತುಂಬಿಕೊಂಡು ಸೀಸ ಕರಗಿಸುವವರ ಕಡೆ ಹೋದವು. ನೆನಪಿಗೆ ಅಂತ ನಾಲ್ಕು ಮೊಳೆ ತರಬಹುದಿತ್ತಲ್ಲ ಅಂತ ನಾನು ಆಮೇಲೆ ಕೇಳಿದೆ. "ಅವು ಮಾಲಕರವು" ಅಂದ. ಒಂದನ್ನೂ ತಂದಿರಲಿಲ್ಲ.

ವಿಜಯಪುರದ ಫ. ಗು. ಹಳಕಟ್ಟಿಯವರು ಅಪ್ಪನಿಗೆ ದೇವರ ಸಮಾನ. ವಕೀಲಿ ಮಾಡಿಕೊಂಡು ಸುಖವಾಗಿ ಇರಬಹುದಾಗಿದ್ದವರು ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಊರೂರು ತಿರುಗಿ ತಂದ ತಾಳೆಗರಿಯ ವಚನಗಳನ್ನು ಅಚ್ಚು ಮಾಡಿದರು. ಆ ಕಥೆಯನ್ನು ಅಪ್ಪ ಎಷ್ಟು ಸಲ ಹೇಳಿದರೂ ಹೊಸದಾಗಿ ಹೇಳುತ್ತಿದ್ದ. ಪ್ರೆಸ್ಸು ಮುಚ್ಚಿದ ವಾರ ಒಂದೇ ಒಂದು ಸಲ, "ಅವ್ರು ಮನಿ ಮಾರಿ ಪ್ರೆಸ್ ಹಾಕಿದ್ರು. ಇವ್ರು ಪ್ರೆಸ್ ಮಾರಿ ಮನಿ ಕಟ್ಟಸ್ತಾರ" ಅಂದ. ಅಂದ ಮೇಲೆ ಅವನಿಗೇ ಸಂಕಟ ಆಯಿತು. ಮಾಲಕರಿಗೂ ಸಾಲ ಇತ್ತು, ಅದು ಅವನಿಗೆ ಗೊತ್ತಿತ್ತು.

ಒಂದು ದಿನ ಬೆಳಿಗ್ಗೆ ನನ್ನ ಬಾಡಿಗೆ ರೂಮಿನ ಬಾಗಿಲಲ್ಲಿ ನಿಂತಿದ್ದ. ರಾತ್ರಿ ಬಸ್ಸಿಗೆ ಬಂದಿದ್ದ, ಹೇಳದೆ ಕೇಳದೆ. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಸ್ನಾನ ಮಾಡಿ, ಚಹಾ ಕುಡಿದು, ಆಮೇಲೆ ಹೇಳಿದ. ಎರಡು ದಾರಿ ಇವೆ. ಅಣ್ಣನ ಮಗ್ಗಕ್ಕೆ ಹೋಗಿ ಕೂರುವುದು. ಇಲ್ಲವೆ ಆ ಕಂಪ್ಯೂಟರ್ ಕಲಿಯುವುದು. ಐವತ್ತರ ಹತ್ತಿರ ಬಂದವನಿಗೆ ಅದು ಬರುತ್ತದೋ ಇಲ್ಲವೋ. ಬರದಿದ್ದರೆ ಹುಡುಗರ ಮುಂದೆ ಅವಮಾನ. "ನೀ ಲೆಕ್ಕಾ ಬರಿಯಾಕಿ. ಲೆಕ್ಕಾ ಹಾಕಿ ಹೇಳು, ಏನ್ ಮಾಡ್ಲಿ?"

ಇಷ್ಟು ಕೇಳುವುದಕ್ಕೆ ನಾನೂರು ಕಿಲೋಮೀಟರ್ ಬಂದಿದ್ದ. ಆಫೀಸಿಗೆ ರಜೆ ಹಾಕಿ ನಾವಿಬ್ಬರೂ ಲಾಲ್‌ಬಾಗಿನಲ್ಲಿ ಸಂಜೆವರೆಗೂ ಕೂತೆವು. ಮನೆಯ ಖರ್ಚು, ಉಳಿದ ದುಡ್ಡು, ಅವ್ವನ ಔಷಧಿ, ಎಲ್ಲ ಬರೆದು ಕೂಡಿಸಿ ಕಳೆದೆವು. ಆರು ತಿಂಗಳು ಕಲಿಯಲಿ, ಅಲ್ಲಿಯವರೆಗೆ ಮನೆ ನಾನು ನೋಡಿಕೊಳ್ಳುತ್ತೇನೆ ಅಂತ ಆಯಿತು. ಅವನಿಗೆ ಮಗಳ ದುಡ್ಡು ತಿನ್ನುವುದು ಕಷ್ಟ ಅಂತ ನನಗೆ ಗೊತ್ತಿತ್ತು. ಆದರೆ ಅವನೇ ಕೇಳಿದ್ದ, ನಾನು ಹೇಳಿದ್ದೆ. ಒಮ್ಮೆ ಕೇಳಿದ ಮೇಲೆ ಹೇಳಿದ್ದನ್ನು ನಡೆಸುವುದು ಅವನ ಪದ್ಧತಿ. ಸರಿ ಅಂದ.

ಕಂಪ್ಯೂಟರ್ ಅವನಿಗೆ ಒಲಿಯಿತು. ಮೊದಲು ಮೌಸ್ ಹಿಡಿಯಲು ಕೈ ನಡುಗುತ್ತಿತ್ತಂತೆ. ಮೊದಮೊದಲು ಬೇರೆ ತಂತ್ರಾಂಶ, ಆಮೇಲೆ ನುಡಿ ಬಂತು. ಕೆ. ಪಿ. ರಾವ್ ಅವರ ವಿನ್ಯಾಸದ ಮೇಲೆ ಮಾಡಿದ ಆ ಕೀಲಿಮಣೆ ಅವನಿಗೆ ಬಹಳ ಹಿಡಿಸಿತು. ಒತ್ತಕ್ಷರ ಬೇಕಾದರೆ ನಡುವೆ ಎಫ್ ಗುಂಡಿ ಒತ್ತಿದರೆ ಆಯಿತು. ಕ, ಎಫ್, ಕ ಒತ್ತಿದರೆ ಕ್ಕ. "ಅಷ್ಟೂ ಗೂಡು ಇಷ್ಟ ಗುಂಡ್ಯಾಗ ಹೆಂಗ ಕೂಡಿಸ್ಯಾರ ನೋಡ" ಅಂತ ಫೋನಿನಲ್ಲಿ ಹತ್ತು ನಿಮಿಷ ಅದನ್ನೇ ವರ್ಣಿಸಿದ್ದ. ಅಕ್ಷರ ಜೋಡಿಸುವ ಕಷ್ಟವನ್ನು ಕೈಯಾರೆ ಉಂಡವನಿಗೆ ಮಾತ್ರ ಆ ಗುಂಡಿಯ ಬೆಲೆ ಗೊತ್ತಾಗುತ್ತದೆ ಅಂತ ನನಗೆ ಅನ್ನಿಸುತ್ತದೆ. ತಹಸೀಲ್ದಾರ್ ಆಫೀಸಿನ ಹತ್ತಿರ ಒಂದು ಡಿಟಿಪಿ ಅಂಗಡಿಗೆ ಸೇರಿಕೊಂಡ. ಅರ್ಜಿ, ಅಫಿಡವಿಟ್, ಪತ್ರಿಕೆ, ಕರಪತ್ರ. 65 ದಾಟುವವರೆಗೂ ಕೆಲಸ ಮಾಡಿದ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ ಬೋರ್ಡು ಕಂಡರೆ ಒಳಗೆ ಹೋಗಿ, ಮಾಲಕರನ್ನು ಪಕ್ಕಕ್ಕೆ ಕರೆದು, ಬೇರೆಯವರಿಗೆ ಕೇಳದ ಹಾಗೆ ಹೇಳಿ ಬರುತ್ತಿದ್ದ. ನಾನು ವಾಟ್ಸಪ್ಪಿನಲ್ಲಿ ಕಳಿಸಿದ ಸಂದೇಶಗಳು ತಿದ್ದುಪಡಿಯಾಗಿ ವಾಪಸ್ ಬರುತ್ತಿದ್ದವು.

ಅವ್ವ ತೀರಿಕೊಂಡ ಮೇಲೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುವುದು ರೂಢಿ ಆಯಿತು. ಊಟ ಆಯ್ತಾ, ಮಳೆ ಬಂತಾ ಅನ್ನುವುದೆಲ್ಲ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಆಮೇಲೆ ಕೇಳುವುದು ಶುರು. ಪಕ್ಕದ ಮನೆಯವರು ಗೋಡೆ ಎತ್ತರಿಸುತ್ತಿದ್ದಾರೆ, ಬೆಳಕು ಬರುವುದಿಲ್ಲ, ಜಗಳ ಮಾಡಲೋ ಸುಮ್ನಿರಲೋ? ಮಷಿನ್ ಕಾಕಾನ ಮಗ ಸಾಲ ಕೇಳುತ್ತಿದ್ದಾನೆ, ಕೊಟ್ಟರೆ ಬರುವುದಿಲ್ಲ, ಕೊಡದಿದ್ದರೆ ಗೆಳೆತನ ಹೋಗುತ್ತದೆ, ಏನು ಮಾಡಲಿ? ಅವ್ವನ ಸೀರೆಗಳನ್ನು ಯಾರಿಗೆ ಕೊಡಲಿ? ನಾನು ಅವನನ್ನು ಬೆಂಗಳೂರಿಗೆ ಬಾ ಅಂದಿದ್ದೆ. ಅದನ್ನೂ ನನ್ನನ್ನೇ ಕೇಳಿದ. "ನೀ ಮಗಳಾಗಿ ಬಾ ಅಂತಿ. ಗೆಳತಿಯಾಗಿ ಹೇಳು, ನಾ ಅಲ್ಲಿ ಬದುಕ್ತೀನೇನು?" ಸ್ವಲ್ಪ ಹೊತ್ತು ಯೋಚನೆ ಮಾಡಿ "ಇಲ್ಲ" ಅಂದೆ. ಆ ಮೂರನೇ ಮಹಡಿಯ ಮನೆಯಲ್ಲಿ ಅವನು ದಿನವಿಡೀ ಏನು ಮಾಡುತ್ತಿದ್ದ? ಅವನು ಬೆಟಗೇರಿಯಲ್ಲೇ ಉಳಿದ.

ನನ್ನ ಕಷ್ಟಗಳನ್ನೂ ಅವನಿಗೆ ಹೇಳುತ್ತಿದ್ದೆ, ಅದನ್ನು ಬೇರೆ ಹೇಳಬೇಕಾಗಿಲ್ಲ. ನನ್ನ ಮದುವೆ ಮುರಿದಾಗ ಊರಿನ ಮಂದಿ ನೂರು ಮಾತಾಡಿದರು. ಅಪ್ಪ ಒಂದು ಸಲಹೆಯನ್ನೂ ಕೊಡಲಿಲ್ಲ. ಎಲ್ಲ ಕೇಳಿಸಿಕೊಂಡು, "ಔಟ್ ಆಗೇತಿ. ಇರ್ಲಿ. ಮುಂದಿನ ಸಾಲು ಓದು" ಅಂದ. ಪ್ರೂಫ್ ಓದುವಾಗಿನ ಮಾತು ಅದು. ನಾನು ಅಳುತ್ತ ನಕ್ಕಿದ್ದೆ.

ಶ್ರಾವಣದ ಆ ಬೆಳಿಗ್ಗೆ ಫೋನ್ ಮಾಡಿದ್ದು ಮಷಿನ್ ಕಾಕಾ. ನಾನು ಹೋಗುವ ಹೊತ್ತಿಗೆ ಅಪ್ಪನನ್ನು ಕೂರಿಸಿದ್ದರು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ, ಕೊರಳಲ್ಲಿ ಹೂವು, ಕೈಯಲ್ಲಿ ಲಿಂಗ. ರಾತ್ರಿಯೆಲ್ಲ ಭಜನೆಯವರು ಹಾಡಿದರು. ಕುಣಿಗೆ ಇಳಿಸುವಾಗ ಪತ್ರಿ, ವಿಭೂತಿ ಹಾಕಿ, ಎಲ್ಲರ ಜೊತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಮರುದಿನ ಶಿವಗಣಾರಾಧನೆಯ ಪತ್ರಿಕೆ ಮಾಡಿಸಬೇಕಿತ್ತು. ಅಂಗಡಿಯವನು ತಯಾರಿದ್ದ ನಮೂನೆ ತೋರಿಸಿದ. ಹೆಸರು, ದಿನ ಬದಲಿಸಿದರೆ ಮುಗಿಯಿತು. ಇಂಥ ಪತ್ರಿಕೆಗಳನ್ನು ಅಪ್ಪ ಎಷ್ಟು ಜೋಡಿಸಿದ್ದನೋ. ಲಗ್ನಪತ್ರಿಕೆಗೆ ಬಳ್ಳಿ, ಬಾರ್ಡರು ಎಷ್ಟು ಬೇಕಾದರೂ ಹಾಕಲಿ ಅನ್ನುತ್ತಿದ್ದವನು, ಇದರಲ್ಲಿ ಮಾತ್ರ ಒಂದೇ ತೆಳು ಗೆರೆ, ಸಣ್ಣ ಅಕ್ಷರ, ಸುತ್ತ ಜಾಸ್ತಿ ಜಾಗ ಬಿಡಬೇಕು ಅಂತ ಹಟ ಹಿಡಿಯುತ್ತಿದ್ದ. "ಓದಾವ್ರಿಗೆ ಉಸರಾಡಾಕ ಜಾಗಾ ಬೇಕು" ಅನ್ನುತ್ತಿದ್ದ. ನಾನು ಮನೆಗೆ ಬಂದು ಅವನ ಕಂಪ್ಯೂಟರ್ ಮುಂದೆಯೇ ಕೂತೆ. ಅವನು ಹೇಳಿದ ಹಾಗೆಯೇ ಮಾಡಿದೆ. ಸಾಲುಗಳ ನಡುವಿನ ಜಾಗ ಎಷ್ಟಿರಬೇಕು ಅಂತ ಬಹಳ ಹೊತ್ತು ಹಿಡಿಯಿತು.

ಪ್ರೂಫ್ ನೋಡಲು ಇಬ್ಬರು ಬೇಕಲ್ಲ. ಮಷಿನ್ ಕಾಕಾ ಬಂದ. ಅವನ ಒಂದು ಕಣ್ಣಿಗೆ ಪೊರೆ ಬಂದಿದೆ. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಕೂತ. ನಾನು ಗಟ್ಟಿಯಾಗಿ ಓದಿದೆ. ಹೆಸರು ಓದಿದೆ, ಕಾಮಾ ಅಂದೆ, ವಯಸ್ಸು ಓದಿದೆ, ಪ್ಯಾರಾ ಅಂದೆ. ಕಾಕಾ ಸರಿ ಅಂದ. ಆಮೇಲೆ ಕೊನೆಯ ಪದದಿಂದ ಹಿಂದಕ್ಕೆ ಒಂದು ಸಲ ನೋಡಿದ. ತಪ್ಪಿರಲಿಲ್ಲ.

ಹಾಳೆ ಕೆಳಗಿಟ್ಟು ಕಾಕಾ ಒಂದು ಮಾತು ಹೇಳಿದ. ಅಪ್ಪನಿಗೆ ಯುಗಾದಿಯಿಂದಲೇ ಎದೆನೋವು ಇತ್ತಂತೆ. ಇಬ್ಬರೂ ಹುಬ್ಬಳ್ಳಿಗೆ ಹೋಗಿ ತೋರಿಸಿಕೊಂಡು ಬಂದಿದ್ದರಂತೆ. ರಕ್ತನಾಳ ಕಟ್ಟಿವೆ, ಆಪರೇಷನ್ ಮಾಡಿಸಬೇಕು ಅಂತ ಡಾಕ್ಟರು ಹೇಳಿದ್ದರಂತೆ. ಯುಗಾದಿಯಿಂದ ಶ್ರಾವಣದವರೆಗೆ ದಿನಾ ರಾತ್ರಿ ಒಂಬತ್ತಕ್ಕೆ ನನ್ನ ಜೊತೆ ಮಾತಾಡಿದ್ದಾನೆ. ಗೋಡೆಯ ವಿಷಯ ಕೇಳಿದ್ದಾನೆ, ನಲ್ಲಿಯ ವಿಷಯ ಕೇಳಿದ್ದಾನೆ. ಇದೊಂದನ್ನು ಕೇಳಲಿಲ್ಲ.

"ಯಾಕ ಕಾಕಾ?" ಅಂದೆ. ನನ್ನ ದನಿ ಏರಿತ್ತು.

"ನಾನೂ ಅದನ್ನ ಕೇಳೀನಿ. ಆಕಿನ್ನ ಕೇಳಿದ್ರ ಮಾಡ್ಸು ಅಂತಾಳ ಅಂದ. ಆಕಿ ಅಂದ ಮ್ಯಾಲೆ ನಾ ಮಾಡಿಸಬೇಕಾಗತೈತಿ, ಅದಕ ಕೇಳೂದಿಲ್ಲ ಅಂದ."

ನನಗೆ ಅವತ್ತು ಸಿಟ್ಟು ಬಂತು. ಇವತ್ತಿಗೂ ಇದೆ. ಅವನಿಗೆ ಆಪರೇಷನ್ ಬೇಡವಾಗಿತ್ತು, ಅದು ಅವನ ದೇಹ, ಅವನ ಇಷ್ಟ. ಅದು ನನಗೆ ಅರ್ಥ ಆಗುತ್ತದೆ. ನಾನು ಏನು ಹೇಳುತ್ತೇನೆ ಅಂತ ಅವನಿಗೆ ಗೊತ್ತಿತ್ತು, ಅದೂ ನಿಜ. ಆದರೆ ಆ ದಿನ ನಾನೂ ಅವನೂ ಲಾಲ್‌ಬಾಗಿನಲ್ಲಿ ಕೂತ ಹಾಗೆ ಎಲ್ಲಾದರೂ ಕೂತಿದ್ದರೆ, ಅವನ ಹೆದರಿಕೆ ಏನು ಅಂತ ಹೇಳಿದ್ದರೆ, ನಾನು ಬೇಡ ಅನ್ನುತ್ತಿದ್ದೆನೋ ಏನೋ. ಬೆಂಗಳೂರಿಗೆ ಬರುವುದು ಬೇಡ ಅಂದವಳು ನಾನೇ ಅಲ್ವಾ? ಈ ಜಗಳವನ್ನು ಅವನ ಜೊತೆಗೇ ಆಡಬೇಕು. ಬೇರೆ ಯಾರ ಜೊತೆ ಆಡಿದರೂ ಅದು ಅವನ ಮೇಲಿನ ದೂರು ಆಗುತ್ತದೆ. ನಾನು ದೂರು ಹೇಳುತ್ತಿಲ್ಲ. ಅವನು ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟಿದ್ದ ಅನ್ನುವುದು ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಸಂಕಟ. ಎರಡೂ ಒಟ್ಟಿಗೇ ಇವೆ.

ಜನ ಸಾಂತ್ವನ ಹೇಳುವಾಗ, ಇನ್ನು ನಿನ್ನನ್ನು ನೋಡಿಕೊಳ್ಳುವವರು ಯಾರು ಅನ್ನುತ್ತಾರೆ. ನಾನು ಐವತ್ತು ದಾಟಿದವಳು, ನನ್ನನ್ನು ನಾನು ನೋಡಿಕೊಳ್ಳುತ್ತೇನೆ. ರಾತ್ರಿ ಒಂಬತ್ತಾದರೆ ಕಾಡುವುದು ಬೇರೆ. ನನ್ನನ್ನು ಒಂದು ಮಾತು ಕೇಳದೆ ಹೆಜ್ಜೆ ಇಡದ ಮನುಷ್ಯ ಒಬ್ಬನಿದ್ದ. ನಾನು ಏನು ಹೇಳುತ್ತೇನೆ ಅಂತ ಅವನು ಕಾಯುತ್ತಿದ್ದ. ಆಫೀಸಿನಲ್ಲಿ ಸಾಕಷ್ಟು ಜನ ನನ್ನ ಅಭಿಪ್ರಾಯ ಕೇಳುತ್ತಾರೆ, ಅದು ಕೆಲಸ. ಅಪ್ಪ ತನ್ನ ಬದುಕನ್ನೇ ನನ್ನ ಮುಂದೆ ಹರಡಿ ಕೇಳುತ್ತಿದ್ದ.

ಎರಡು ವಾರದ ಹಿಂದೆ ಭಾನುವಾರ ಮಷಿನ್ ಕಾಕಾ ಫೋನ್ ಮಾಡಿದ. ಸುಮ್ನೆ ಮಾಡಿದೆ ಅಂದ. ಆಮೇಲೆ ಬಹಳ ಹೊತ್ತು ಅದೂ ಇದೂ ಮಾತಾಡಿದ. ಇಡಬೇಕು ಅನ್ನುವಾಗ ಕೇಳಿದ. ಕಣ್ಣಿನ ಡಾಕ್ಟರು ಪೊರೆ ತೆಗೆಸು ಅಂತಿದ್ದಾರೆ, ಮಗ ಈಗ ಬೇಡ ಅಂತಾನೆ, ತನಗೂ ಹೆದರಿಕೆ. "ನಿಮ್ಮಪ್ಪ ಇದ್ದಿದ್ರ ನಿನ್ನ ಕೇಳಂತಿದ್ದ. ಅದಕ ಕೇಳಾಕತ್ತೀನಿ. ಮಾಡಸ್ಲ್ಯೋ, ಬ್ಯಾಡೋ?"

ಹೆದರಿಕೆ ಏನು ಅಂತ ಮೊದಲು ಕೇಳಿದೆ. ಇರುವ ಇನ್ನೊಂದು ಕಣ್ಣೂ ಹೋದರೆ ಅಂತ ಅವನ ಚಿಂತೆ. ಒಂದೇ ಕಣ್ಣಿಗೆ ಮಾಡುತ್ತಾರೆ, ಇನ್ನೊಂದನ್ನು ಮುಟ್ಟುವುದಿಲ್ಲ, ಅದೇ ದಿನ ಸಂಜೆ ಮನೆಗೆ ಕಳಿಸುತ್ತಾರೆ ಅಂತ ಬಿಡಿಸಿ ಹೇಳಿದೆ. ಇನ್ನೂ ಎರಡು ಸಲ ಫೋನ್ ಮಾಡಿ ಅದನ್ನೇ ಕೇಳಿದ. ಮೂರನೇ ಸಲ ತಾನೇ "ಮಾಡಸ್ತೀನಿ" ಅಂದ. ಮುಂದಿನ ಬುಧವಾರ ಹುಬ್ಬಳ್ಳಿಯಲ್ಲಿ ತಾರೀಖು ಕೊಟ್ಟಿದ್ದಾರೆ. ಮಂಗಳವಾರದ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಆಧಾರ್ ಕಾರ್ಡು, ಹಳೆಯ ಚೀಟಿಗಳು, ಬಿಪಿ ಮಾತ್ರೆ ತಪ್ಪದೆ ತೆಗೆದಿಟ್ಟುಕೋ ಅಂತ ಕಾಕಾನಿಗೆ ಹೇಳಿದ್ದೇನೆ.